ಹೊಗೆ ಬಾರದ ಜನರೇಟರ್ ಕೊಂಡ ಬೇಸಿಗೆ

ಹೋದ ತಿಂಗಳು ತುಮಕೂರಿನಿಂದ ಬರುತ್ತಿದ್ದೆ. ಬಸ್ಸು ಅರಿಶಿನಕುಂಟೆಯ ಹತ್ತಿರ ಕೆಟ್ಟು ನಿಂತಿತು. ಹೆದ್ದಾರಿಯ ಪಕ್ಕದ ಛತ್ರದಲ್ಲಿ ಯಾರದೋ ಮದುವೆ. ಕರೆಂಟು ಹೋಗಿರಬೇಕು, ಅಡುಗೆಮನೆಯ ಹಿಂದೆ ಜನರೇಟರ್ ಓಡುತ್ತಿತ್ತು. ಸುಟ್ಟ ಪೆಟ್ರೋಲು, ಒಗ್ಗರಣೆ, ಬಾಡಿದ ಮಲ್ಲಿಗೆ, ಬಿಸಿಲಿಗೆ ಮೆತ್ತಗಾದ ಟಾರು, ಇವೆಲ್ಲ ಬೆರೆತ ಒಂದು ವಾಸನೆ ಕಿಟಕಿಯಲ್ಲಿ ಒಳಗೆ ಬಂತು. ಪಕ್ಕದ ಸೀಟಿನಾಕೆ ಹಸಿವಾಗ್ತಿದೆ ಅಂದರು. ನಾನು ಸೀಟಿನಿಂದ ಎದ್ದೆ. ರಾಹುಕಾಲಕ್ಕೆ, ಅಡ್ಡ ಬಂದ ಬೆಕ್ಕಿಗೆ, ಹುಣಸೆಮರದ ದೆವ್ವಕ್ಕೆ ಹೆದರದವಳು ನಾನು. ಹೆದರುವವರನ್ನು ಎದುರಿಗೆ ಕೂರಿಸಿಕೊಂಡು ಪಾಟೀಸವಾಲು ಹಾಕುವವಳು. ಅಂಥವಳು ಒಂದು ಮದುವೆಮನೆಯ ವಾಸನೆಗೆ ಬಸ್ಸಿಳಿದು, ರಸ್ತೆ ದಾಟಿ, ಗಾಳಿ ಬೀಸುವ ಕಡೆ ಹೋಗಿ ನಿಂತೆ.

ಅದಕ್ಕೆ ಕಾರಣ ಐದಾರು ವರ್ಷದ ಹಿಂದಿನ ಒಂದು ಬೇಸಿಗೆ. ತೊಂಬತ್ತರ ದಶಕ ಆಗ ಅರ್ಧ ದಾಟಿತ್ತು. ನಾನು ದೊಡ್ಡಬಳ್ಳಾಪುರದಲ್ಲಿ ಬಿ.ಎ. ಓದುತ್ತಿದ್ದೆ; ಓದುವುದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ತಿರುಗುತ್ತಿದ್ದೆ. ನಮ್ಮದು ಮಗ್ಗಗಳ ಬೀದಿ. ವಿದ್ಯುತ್ ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಬೆಳೆದವರಿಗೆ ಮೈಕು ಬೇಕಾಗುವುದಿಲ್ಲ. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ, ಎರಡರಲ್ಲೂ ಬಹುಮಾನದ ಕಪ್ಪು ತರುತ್ತಿದ್ದೆ. ಮಗ್ಗ ನಡೆಸಿ ನಡೆಸಿ ಅಪ್ಪನ ಕಿವಿ ಮಂದವಾಗಿತ್ತು. ಹಾಗಾಗಿ ಮನೆಯಲ್ಲಿ ನನ್ನ ವಾದಕ್ಕೆ ಸಿಕ್ಕಿಬೀಳುತ್ತಿದ್ದವನು ಅಣ್ಣ ಮುನಿರಾಜು. ಅವನೋ, ನನ್ನ ಮೊದಲ ಮಾತಿಗೇ ‘ಆಯ್ತು ಲಾಯರಮ್ಮಾ, ನೀನೇ ಗೆದ್ದೆ, ಊಟಕ್ಕಿಕ್ಕು’ ಎಂದು ಕೈಚೆಲ್ಲಿಬಿಡುತ್ತಿದ್ದ. ಗೆಲ್ಲುವ ಸುಖವನ್ನೇ ಕೊಡದ ಎದುರಾಳಿ.

ಅಣ್ಣ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರರ ಕಾರಿಗೆ ಡ್ರೈವರ್ ಆಗಿದ್ದ. ಅಲ್ಲಿ ಬೆಳಿಗ್ಗೆ ತೊಳೆದು ನಿಲ್ಲಿಸಿದ ಕಾರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬಾಯ್ಲರಿನ ಬೂದಿ ಕೂತು, ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಡ್ರೈವರುಗಳು ಒಂದೇ ಬಕೆಟ್ಟಿನಲ್ಲಿ ಒಂದೇ ಬಟ್ಟೆ ಅದ್ದಿ ಅದ್ದಿ ಒರೆಸಿ ಬಣ್ಣವನ್ನೆಲ್ಲ ಗೀರು ಮಾಡುತ್ತಿದ್ದರು. ಇದನ್ನು ನೋಡಿ ನೋಡಿ ಅಣ್ಣನಿಗೆ ಒಂದು ಯೋಚನೆ ಹುಟ್ಟಿತು. ಕಾರು ಸರ್ವಿಸ್ ಸ್ಟೇಷನ್ನಿಗೆ ಹೋಗುವ ಬದಲು ಸರ್ವಿಸ್ ಸ್ಟೇಷನ್ನೇ ಕಾರು ನಿಂತಲ್ಲಿಗೆ ಹೋದರೆ? ಒಂದು ಹಳೆಯ ಮಟಡೋರ್ ವ್ಯಾನು, ಅದರಲ್ಲಿ ನೀರಿನ ಡ್ರಮ್ಮು, ರಭಸದಿಂದ ನೀರು ಚಿಮ್ಮುವ ಪಂಪು, ಸೀಟಿನ ಧೂಳು ಎಳೆಯುವ ವ್ಯಾಕ್ಯೂಮ್ ಕ್ಲೀನರ್, ಪಾಲಿಶ್ ಹಚ್ಚಿ ಉಜ್ಜುವ ಒಂದು ಮಿಷನ್ನು. ಬೀದಿಯೆಲ್ಲ ನಕ್ಕಿತು. ಮನೆ ಬಾಗಿಲಿಗೆ ಬಂದು ಹಾಲು ಕರೆದುಕೊಡುವವರಿದ್ದಾರೆ, ಹಾಸಿಗೆಯ ಹತ್ತಿ ಬಡಿದುಕೊಡುವವರಿದ್ದಾರೆ, ಇವನು ಕಾರಿಗೆ ಸ್ನಾನ ಮಾಡಿಸುತ್ತಾನಂತೆ ಎಂದರು.

ನಗದೇ ಇದ್ದವರು ಬೂದಿಗೆರೆಯ ಚಿಕ್ಕಣ್ಣನವರೊಬ್ಬರೇ. ದ್ರಾಕ್ಷಿ ತೋಟವಿದ್ದ ಮನುಷ್ಯ. ಇನ್ನೊಬ್ಬರ ಕಾರು ಓಡಿಸುವ ಹುಡುಗನಿಗಿಂತ ಸ್ವಂತ ಕಸುಬಿನ ಹುಡುಗ ಮೇಲು ಎಂದು ಮಗಳು ಗಿರಿಜಳನ್ನು ಅಣ್ಣನಿಗೆ ಕೊಡಲು ಒಪ್ಪಿದರು. ಮಾಘದಲ್ಲಿ ನಿಶ್ಚಿತಾರ್ಥ ಆಯಿತು, ಆಷಾಢ ಕಳೆದ ಮೇಲೆ ಮದುವೆ. ಆ ಬೇಸಿಗೆ ಅಣ್ಣನಿಗೆ ಇದ್ದದ್ದು ಒಂದೇ ಗುರಿ: ಮದುವೆಯೊಳಗೆ ಕಸುಬು ಕೈಹತ್ತಬೇಕು, ಗಿರಿಜ ಬರಬೇಕು. ರಿಪೇರಿಯಾದ ವ್ಯಾನನ್ನು ಓಡಿಸಿ ನೋಡಬೇಕೆಂದರೆ ಇಡೀ ಜಿಲ್ಲೆಯಲ್ಲಿ ಅವನಿಗೆ ಬೂದಿಗೆರೆಯ ರಸ್ತೆಯೊಂದೇ ಕಾಣುತ್ತಿತ್ತು.

ಎಲ್ಲವೂ ಹೊಂದಿತು, ಕರೆಂಟೊಂದನ್ನು ಬಿಟ್ಟು. ಎಲ್ಲಿಗೆ ಹೋದರೂ ಪ್ಲಗ್ಗು ಕೊಡುವವರಿಲ್ಲ; ಕೊಟ್ಟರೂ ಆ ಕಾಲದಲ್ಲಿ ಕರೆಂಟು ಇರುತ್ತದೆಂಬ ಖಾತ್ರಿಯಿಲ್ಲ. ಕೈಯಲ್ಲಿ ಎತ್ತಬಲ್ಲ ಜನರೇಟರ್ ಬೇಕಿತ್ತು. ನಮ್ಮೂರಿನ ಬಾಷಾ ಭಾಯ್ ಮದುವೆಗಳಿಗೆ ಸೀರಿಯಲ್ ದೀಪದ ಸೆಟ್ಟು, ಜನರೇಟರ್ ಬಾಡಿಗೆಗೆ ಕೊಡುತ್ತಿದ್ದರು, ಗಿರಾಕಿ ಸಿಕ್ಕರೆ ಮಾರುತ್ತಲೂ ಇದ್ದರು. ಅವರ ಅಂಗಡಿಯಲ್ಲಿ ಎರಡು ನಮಗೆ ಹೊಂದುವಂತಿದ್ದವು. ಒಂದು ಹಳೆಯದು, ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವಂಥದು, ಭಾರ, ಸದ್ದೂ ಜಾಸ್ತಿ. ಇನ್ನೊಂದು ಹೊಸದು, ಬರೀ ಪೆಟ್ರೋಲಿನದು, ಚಿಕ್ಕದು, ಕೆಂಪು ಬಣ್ಣ ಇನ್ನೂ ಮಾಸಿರಲಿಲ್ಲ.

ನಾನು ಹಳೆಯದರ ಪರ ನಿಂತೆ. ಕಾಲೇಜಿನ ಫಿಸಿಕ್ಸ್ ಮೇಷ್ಟ್ರನ್ನು ಕಾಡಿ ತಿಳಿದುಕೊಂಡು ಬಂದಿದ್ದೆ: ಮೋಟಾರು ಓಡುವಾಗ ಕೇಳುವ ಕರೆಂಟು ಬೇರೆ, ಏಳುವಾಗ ಕೇಳುವುದು ಬೇರೆ. ಮಲಗಿದ ಸೋಮಾರಿಯನ್ನು ಎಬ್ಬಿಸುವುದಕ್ಕೇ ಹೆಚ್ಚು ಶಕ್ತಿ ಬೇಕು, ಎದ್ದ ಮೇಲೆ ಹೇಗೋ ನಡೆಯುತ್ತಾನೆ. ಹಾಗಾಗಿ ಪಂಪಿನ ಮೇಲೆ ಬರೆದ ವ್ಯಾಟಿನ ಲೆಕ್ಕ ನಂಬಿ ಜನರೇಟರ್ ಕೊಳ್ಳುವುದು ಮೂರ್ಖತನ ಎಂದೆ. ಪಂಪನ್ನೂ ವ್ಯಾಕ್ಯೂಮನ್ನೂ ಅಂಗಡಿಗೇ ತಂದು ಪರೀಕ್ಷೆ ಮಾಡಿಸಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಂಪು ಜನರೇಟರ್ ಕೆಮ್ಮಿ ನಿಂತುಹೋಯಿತು, ಹಳೆಯದು ಗೊಣಗುತ್ತಲೇ ಎರಡನ್ನೂ ಎಳೆಯಿತು. ಬಾಷಾ ಭಾಯ್ ತಲೆದೂಗಿದರು. ‘ಬೇಟಿ ಹೇಳೋದು ಕರೆಕ್ಟ್ ಐತೆ ಮುನಿರಾಜು. ಹಳೇದು ಅಂದ್ರೆ ಖರಾಬ್ ಅಲ್ಲ.’

ಅಣ್ಣ ಅಂದು ಕೈಚೆಲ್ಲಲಿಲ್ಲ. ಜೇಬಿನಿಂದ ಬಿಳಿ ಕರ್ಚೀಫು ತೆಗೆದ. ಓಡುತ್ತಿದ್ದ ಸೀಮೆಎಣ್ಣೆ ಜನರೇಟರಿನ ಹೊಗೆಕೊಳವೆಯ ಮುಂದೆ ಹಿಡಿದ. ಅದು ದೋಸೆ ಹಂಚು ಒರೆಸಿದ ಬಟ್ಟೆಯಂತಾಯಿತು. ಅದನ್ನು ಮಡಚಿ ಇನ್ನೊಂದು ಮಗ್ಗುಲನ್ನು ಕೆಂಪು ಜನರೇಟರಿನ ಮುಂದೆ ಹಿಡಿದ. ಬಿಸಿಗಾಳಿಗೆ ಪಟಪಟ ಹಾರಾಡಿತೇ ಹೊರತು ಬೆಳ್ಳಗೇ ಉಳಿಯಿತು.

‘ನಾನು ಮಾಡೋದು ಕಾರು ಫಳಫಳ ಅನ್ಸೋ ಕೆಲ್ಸ. ತೊಳೆದ ಕಾರಿನ ಮೇಲೆ ಮಸಿ ಕೂತ್ರೆ ಯಾವೋನು ಕರೀತಾನೆ? ಇದ್ರಲ್ಲಿ ಹೊಗೆನೇ ಇಲ್ಲ ಕಣೇ. ಪಂಪು, ವ್ಯಾಕ್ಯೂಮು ಒಂದಾದ್ಮೇಲೆ ಒಂದು ಹಾಕ್ಕೊಂಡ್ರಾಯ್ತು’ ಎಂದ.

ಅಣ್ಣ ನನ್ನನ್ನು ವಾದದಲ್ಲಿ ಗೆದ್ದದ್ದು ಅದೊಂದೇ ಸಲ. ಗೆದ್ದದ್ದೂ ನನ್ನ ದಾರಿಯಲ್ಲೇ: ತೋರಿಸು, ನಂಬುತ್ತೇನೆ ಎಂಬುದು ನನ್ನ ಮಾತು, ಅವನು ತೋರಿಸಿದ. ಅಲ್ಲಿದ್ದ ನಾವೆಲ್ಲರೂ ಸೌದೆ ಒಲೆಯ ಮನೆಗಳಲ್ಲಿ ಬೆಳೆದವರು. ಹೊಗೆ ಎಂದರೆ ಕಪ್ಪಗೆ ಕಾಣಬೇಕು, ಕಣ್ಣುರಿಸಬೇಕು, ಕೆಮ್ಮು ಬರಿಸಬೇಕು. ಕಾಣದಿದ್ದರೆ ಇಲ್ಲ. ಇದರಲ್ಲಿ ಸಂಶಯಕ್ಕೆ ಜಾಗವಿದೆ ಎಂದು ನನ್ನಂಥ ಸಂಶಯದ ಪ್ರಾಣಿಗೂ ಹೊಳೆಯಲಿಲ್ಲ.

ಕಾರ್ಖಾನೆಗಳ ಗೇಟಿನಲ್ಲಿ ವಾಚ್‌ಮನ್ನುಗಳು ವ್ಯಾನನ್ನು ಒಳಗೇ ಬಿಡಲಿಲ್ಲ. ನಮ್ಮ ಕೈಹಿಡಿದದ್ದು ಮದುವೆಗಳು. ವೈಶಾಖದ ಬಿಸಿಲಲ್ಲಿ ಬೆಂಗಳೂರಿನಿಂದ ಧೂಳು ಕುಡಿದು ಬಂದ ಕಾರುಗಳು ಛತ್ರದ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಯಜಮಾನರು ಮುಹೂರ್ತ ನೋಡಿ, ಅಕ್ಷತೆ ಹಾಕಿ, ಉಂಡು, ಎಲೆ ಅಡಿಕೆ ಜಗಿಯುತ್ತ ಬರುವಷ್ಟರಲ್ಲಿ ಕಾರು ಹೊಸದಾಗಿರಬೇಕು, ಇದೇ ನಮ್ಮ ವ್ಯಾಪಾರ. ನನಗೆ ರಜೆ. ಕಾರುಗಳ ಕೀಲಿ ಇಸಿದುಕೊಂಡು ಹೆಗಲ ಚೀಲದಲ್ಲಿ ಕಾಪಾಡುವುದು, ಒಳಗಿನ ಧೂಳು ಎಳೆಯುವುದು ನನ್ನ ಕೆಲಸ. ಎರಡನೇ ಮಿಷನ್ನು ಹಾಕುವ ಮೊದಲು ವ್ಯಾನಿನ ತಗಡನ್ನು ಎರಡು ಸಲ ತಟ್ಟಬೇಕು, ಅಣ್ಣ ಮೊದಲನೆಯದನ್ನು ಆರಿಸಿ ‘ಹಾಕು’ ಎನ್ನಬೇಕು, ಆಮೇಲೆ ಸ್ವಿಚ್ಚು. ಇಲ್ಲದಿದ್ದರೆ ಜನರೇಟರ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಹೀಗೆ ತಟ್ಟುವುದು, ಕೂಗುವುದು ನಮಗೆ ಆಟದಂತೆ ಒಗ್ಗಿಹೋಗಿತ್ತು.

ಆ ಬೇಸಿಗೆ ಅರಿಶಿನಕುಂಟೆಯ ಛತ್ರದ ಒಂದು ಮದುವೆಯಲ್ಲಿ ಮುಹೂರ್ತ ಹತ್ತಿರ ಬಂದಾಗ ಹುಡುಗಿಯ ಚಿಕ್ಕಪ್ಪ ಓಡಿಬಂದರು. ನಮ್ಮ ಸದ್ದಿಗೆ ವಿಡಿಯೋದಲ್ಲಿ ಮಂತ್ರವೇ ಕೇಳಿಸುವುದಿಲ್ಲವಂತೆ, ಸ್ವಲ್ಪ ಹೊತ್ತು ಅಡಗಿಸಬೇಕಂತೆ. ಕೈ ಮುಗಿದೇ ಕೇಳಿದರು. ಕೆಲಸ ನಿಲ್ಲಿಸಿದರೆ ಉಳಿದ ಕಾರುಗಳು ಹಾಗೇ ಹೊರಟುಹೋಗುತ್ತವೆ. ಅಣ್ಣ ಜನರೇಟರನ್ನು ಎತ್ತಿ ವ್ಯಾನಿನೊಳಗೆ ಇಟ್ಟ. ಕಿಟಕಿಗಳಿಗೆ ಛತ್ರದ ಜಮಖಾನ ತುರುಕಿದ. ತಗಡಿನ ಮೇಲೆ ಅದು ಕುಣಿಯುತ್ತ ಜಾರುತ್ತಿತ್ತು, ಹಿಡಿದುಕೊಳ್ಳಲು ತಾನೂ ಒಳಗೆ ಕೂತು ಹಿಂಬಾಗಿಲು ಎಳೆದುಕೊಂಡ. ವೈರು ಮಾತ್ರ ಬಾಗಿಲಿನ ಸಂದಿಯಿಂದ ಹೊರಗೆ. ಸದ್ದು ನಿಜಕ್ಕೂ ಅಡಗಿತು. ಚಿಕ್ಕಪ್ಪ ಮೆಚ್ಚಿ ತಲೆಯಾಡಿಸಿ ಒಳಗೆ ಹೋದರು.

ನಾನು ಒಂದು ಬಿಳಿ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಧೂಳು ಎಳೆಯುತ್ತಿದ್ದೆ. ಗಟ್ಟಿಮೇಳ ಮೊಳಗಿತು, ನಿಂತಿತು. ಇನ್ನು ಪಂಪು ಹಾಕಬೇಕು. ವ್ಯಾನಿನ ಹತ್ತಿರ ಹೋಗಿ ಎರಡು ಸಲ ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ. ತಮಾಷೆ ಮಾಡುತ್ತಿದ್ದಾನೆಂದು ಬೈಯುತ್ತ ಬಾಗಿಲು ತೆರೆದೆ.

ಅಣ್ಣ ಮಗ್ಗುಲಾಗಿ ಬಿದ್ದಿದ್ದ. ಒಂದು ಕೈ ಇನ್ನೂ ಜನರೇಟರಿನ ಹಿಡಿಯ ಮೇಲಿತ್ತು. ಮುಖ ಬಿಳಿಚಿರಲಿಲ್ಲ, ಬಿಸಿನೀರಿನ ಸ್ನಾನ ಮಾಡಿ ಎದ್ದವನಂತೆ ಕೆಂಪಗಿತ್ತು. ಕಾಲುಗಳು ತಮ್ಮಷ್ಟಕ್ಕೆ ಒದ್ದುಕೊಳ್ಳುತ್ತಿದ್ದವು. ನಾನು ಒಳಗೆ ಹತ್ತಿ ಅವನ ಭುಜ ಹಿಡಿದು ಅಲುಗಿಸುತ್ತ ಕೂಗಿದೆ.

ಜನ ಸೇರಿದರು. ಇಣುಕಿ ನೋಡಿದ ಮೊದಲನೆಯವರೇ ತೀರ್ಪು ಕೊಟ್ಟರು: ಪಿಟ್ಸು, ಕೈಗೆ ಕಬ್ಬಿಣ ಕೊಡಿ. ಯಾರೋ ನನ್ನ ಹೆಗಲ ಚೀಲಕ್ಕೆ ಕೈಹಾಕಿ ಸಿಕ್ಕಷ್ಟು ಕೀಲಿಗಳನ್ನು ತೆಗೆದು ಅಣ್ಣನ ಮುಷ್ಟಿಗೆ ತುರುಕಿದರು. ಹೊರಗೆ ಎಳೆಯೋಣ ಎಂದು ಒಬ್ಬರು ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಒಬ್ಬ ಹೆಂಗಸು, ದನಿ ತುಂಬ ಮರುಕದ್ದು, ‘ಬ್ಯಾಡ ಕಣ್ರಪ್ಪಾ, ಹೆಣ್ಣು ಗಂಡು ಅರುಂಧತಿ ನೋಡಕ್ಕೆ ಈಚೆಗೆ ಬತ್ತಾವ್ರೆ, ಇದು ಕಣ್ಣಿಗೆ ಬೀಳ್ಬಾರ್ದು. ನೆರಳಲ್ಲೇ ಮಲಗಿರ್ಲಿ, ತಂಗಿ ಅವ್ಳಲ್ಲ ಜೊತೇಲಿ’ ಎಂದರು. ಎಲ್ಲರಿಗೂ ಸರಿಯೆನಿಸಿತು. ನಾಲ್ಕು ಕೈಗಳು ಸೇರಿ ಬಾಗಿಲು ಮುಚ್ಚಿದವು. ಒಳಗೆ ನಾನು, ಅಣ್ಣ, ಓಡುತ್ತಲೇ ಇದ್ದ ಜನರೇಟರ್.

ಇಂದಿಗೂ ನನಗೆ ಅರಗದೇ ಇರುವುದು ಆ ಬಾಗಿಲು. ಅದನ್ನು ಮುಚ್ಚಿದವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ. ಆ ಹೆಂಗಸು ಒಂದು ಮದುವೆಯನ್ನೂ ಒಬ್ಬ ರೋಗಿಯನ್ನೂ ಒಟ್ಟಿಗೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದರು. ನಾನು ‘ತೆಗೀರಿ’ ಎನ್ನಲು ಬಾಯಿ ತೆರೆದೆ. ಮಗ್ಗದ ಸದ್ದನ್ನು ಮೀರುತ್ತಿದ್ದ ದನಿ ಹೊರಡಲೇ ಇಲ್ಲ. ತಲೆಯೊಳಗೆ ಯಾರೋ ಕುಟ್ಟುತ್ತಿದ್ದಂತಿತ್ತು, ಮಂಡಿಗಳು ನನ್ನವಲ್ಲದಂತೆ ಮಡಿಸಿಕೊಂಡವು. ಆ ಮಂಪರಿನಲ್ಲಿ ಒಂದೇ ಒಂದು ಯೋಚನೆ ನೆಟ್ಟಗೆ ನಿಂತಿತು: ಪಿಟ್ಸು ಅಂಟುರೋಗವಲ್ಲ. ಅಣ್ಣನಿಗೆ ಆಗುತ್ತಿರುವುದೇ ನನಗೂ ಆಗುತ್ತಿದ್ದರೆ ಕಾರಣ ಅವನಲ್ಲಿಲ್ಲ, ಈ ಜಾಗದಲ್ಲಿದೆ.

ತಡವರಿಸಿ ಜನರೇಟರಿನ ಸ್ವಿಚ್ಚು ಆರಿಸಿದೆ. ಬೆನ್ನು ಆನಿಸಿ ಕೂತು ಎರಡೂ ಕಾಲಿನಿಂದ ಬಾಗಿಲು ಒದ್ದೆ. ಅದು ತೆರೆದುಕೊಂಡಾಗ ಅಣ್ಣನ ಕಾಲು ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಎದುರಿಗೆ ಬಾಸಿಂಗ ಕಟ್ಟಿದ ಹುಡುಗ ಹುಡುಗಿ ಹಗಲಿನ ಆಕಾಶದತ್ತ ಕತ್ತೆತ್ತಿ, ಪುರೋಹಿತರು ತೋರಿಸುತ್ತಿದ್ದ ನಕ್ಷತ್ರವನ್ನು ಹುಡುಕುತ್ತಿದ್ದರು. ಅವರ ಮುಂದೆಯೇ ನಾನು ವಾಂತಿ ಮಾಡಿಕೊಂಡೆ.

ಆಗತಾನೇ ನಾವು ತೊಳೆದಿದ್ದ ಕಾರೊಂದು ನಮ್ಮನ್ನು ನೆಲಮಂಗಲದ ಆಸ್ಪತ್ರೆಗೆ ಒಯ್ದಿತು. ಅಣ್ಣನಿಗೆ ಆಕ್ಸಿಜನ್ ಹಾಕಿದರು. ಹೊತ್ತು ಇಳಿಯುವಾಗ ಕಣ್ಣುಬಿಟ್ಟು, ಪಂಪ್ ಆಫ್ ಮಾಡಿದೆಯಾ ಎಂದು ಕೇಳಿದ. ಸುದ್ದಿ ತಿಳಿದು ದೊಡ್ಡಬಳ್ಳಾಪುರದಿಂದ ಓಡಿಬಂದಿದ್ದ ಬಾಷಾ ಭಾಯ್ ಗೋಡೆಗೆ ಮುಖ ಮಾಡಿ ನಿಂತು ಅತ್ತರು. ಡಾಕ್ಟರು ಹೇಳಿದ್ದು ಇಷ್ಟು: ಎಂಜಿನ್ನಿನಿಂದ ಒಂದು ಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಉಸಿರಿನ ಜಾಗ ಹಿಡಿದು ಕೂತುಬಿಡುತ್ತದೆ. ಹೊಗೆಯೇ ಇರಲಿಲ್ಲವಲ್ಲ ಸಾರ್ ಎಂದು ನಾನು ಮತ್ತೆ ಮತ್ತೆ ಕೇಳಿದೆ. ಕಪ್ಪು ಹೊಗೆ ಇದ್ದಿದ್ದರೆ ನಿಮ್ಮಣ್ಣ ಕೆಮ್ಮುತ್ತ ಆಗಲೇ ಹೊರಗೆ ಬರುತ್ತಿದ್ದರು ಎಂದರು. ಅವನು ಕಾಳಜಿಯಿಂದ ಆರಿಸಿಕೊಂಡದ್ದು ಮುನ್ಸೂಚನೆಯನ್ನೇ ಕೊಡದ ಯಂತ್ರವನ್ನು. ನನ್ನ ಕಣ್ಣನ್ನು ನಾನೇ ನಂಬಬಾರದೆಂದು ಯಾರೋ ಕೆನ್ನೆಗೆ ಹೊಡೆದು ಹೇಳಿದ ಹಾಗಾಯಿತು.

ನಾವು ಮನೆ ಸೇರುವ ಮೊದಲೇ ಸುದ್ದಿ ಬೂದಿಗೆರೆ ಸೇರಿತ್ತು. ಮುನಿರಾಜನಿಗೆ ಪಿಟ್ಸು ಐತೆ, ತುಂಬಿದ ಮದುವೆಮನೆಯಲ್ಲಿ ಬಿದ್ದ, ಕೈಗೆ ಕೀಲಿ ಕೊಟ್ಟದ್ದನ್ನು ನೋಡಿದವರಿದ್ದಾರೆ. ಕೀಲಿ ಕೊಟ್ಟ ಮೇಲೆ ಬೇರೆ ಸಾಕ್ಷಿ ಬೇಕೆ? ಚಿಕ್ಕಣ್ಣನವರು ಹೇಳಿಕಳಿಸಿದರು: ಮದುವೆಯ ಮಾತು ಸದ್ಯಕ್ಕೆ ಬೇಡ. ಅಣ್ಣ ಹಿತ್ತಲಲ್ಲಿ ಪಂಪಿನ ಪೈಪುಗಳನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತ. ಅಮ್ಮ ನನ್ನ ಕಡೆ ತಿರುಗಿ, ಅಷ್ಟೊಂದು ಕಪ್ಪು ಗೆದ್ದು ಗೂಡಲ್ಲಿ ಇಟ್ಟಿದ್ದೀಯಲ್ಲ, ನಿಮ್ಮಣ್ಣನಿಗಾಗಿ ಒಂದು ಸಲ ಗೆದ್ದು ಬಾ ಎಂದಳು.

ಬೂದಿಗೆರೆಗೆ ವ್ಯಾನಿನಲ್ಲೇ ಹೋದೆವು. ಅಣ್ಣ ಒಳಗೆ ಬರಲಿಲ್ಲ, ದೂರದ ಹೊಂಗೆಮರದ ಕೆಳಗೆ ವ್ಯಾನಿನಲ್ಲೇ ಉಳಿದ. ನಡುಮನೆಯ ಚಾಪೆಯ ಮೇಲೆ ಅಮ್ಮ, ನಾನು. ಎದುರಿಗೆ ಕುರ್ಚಿಯಲ್ಲಿ ಚಿಕ್ಕಣ್ಣನವರು. ನಾನು ಫೈನಲ್ ಸುತ್ತಿನಂತೆ ಮಾತಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿಟ್ಟೆ. ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು.

‘ಹೊಗೆ ಕಾಣ್ತಿತ್ತಾ?’

‘ಇಲ್ಲ ಮಾವ.’

‘ವಾಸ್ನೆ?’

‘ಆ ಗಾಳಿಗೆ ವಾಸನೆ ಇರಲ್ಲ.’

‘ಕಣ್ಣಿಗ್ ಕಾಣಲ್ಲ, ಮೂಗಿಗ್ ಸಿಗಲ್ಲ, ಆದ್ರೂ ಐತೆ, ಮನುಷ್ಯನ್ನ ಕೆಡವುತ್ತೆ. ದೆವ್ವ ಇಲ್ಲ ಅಂತ ಊರೂರಲ್ಲಿ ಭಾಷಣ ಮಾಡೋಳು ನೀನೇ ಅಲ್ವೇನಮ್ಮಾ?’

ವ್ಯಂಗ್ಯದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ಅದಕ್ಕೇ ಹೆಚ್ಚು ಪೆಟ್ಟು ಬಿತ್ತು. ನಾನು ಉಳಿಸಿಕೊಂಡಿದ್ದ ಕೊನೆಯ ಅಸ್ತ್ರ ಹೂಡಿದೆ. ಆ ವ್ಯಾನಿನಲ್ಲಿ ನಾನೂ ಇದ್ದೆ ಮಾವ, ನನಗೂ ತಲೆ ತಿರುಗಿತು, ಕಾಲು ಸೋತವು, ವಾಂತಿಯಾಯಿತು, ಅಣ್ಣನೊಬ್ಬನಿಗೇ ರೋಗವಿದ್ದಿದ್ದರೆ ನನಗೆ ಯಾಕೆ ಹಾಗಾಗಬೇಕು ಎಂದೆ.

ಚಿಕ್ಕಣ್ಣನವರು ನನ್ನನ್ನು ನೋಡಲಿಲ್ಲ. ಅಮ್ಮನನ್ನು ನೋಡಿದರು. ಕಣ್ಣಲ್ಲಿ ಕನಿಕರ ತುಂಬಿತ್ತು.

‘ಇಬ್ರಿಗೂ ಐತೇನು ತಾಯಿ?’

ಅಣ್ಣನ ಪ್ರಾಣ ಉಳಿಸಿದ ತರ್ಕ ಅದು. ಅದೇ ಈಗ ಅವನ ಮದುವೆಯನ್ನು ಮುರಿದು, ನನ್ನನ್ನೂ ಅವನ ಪಕ್ಕಕ್ಕೆ ಎಳೆದು ಹಾಕಿತು. ಚಿಕ್ಕಣ್ಣನವರ ಮಾತಿನಲ್ಲಿ ಒಂದು ಬಿರುಕಾದರೂ ಸಿಕ್ಕೀತೆಂದು ಹುಡುಕಿದೆ. ಸಿಗಲಿಲ್ಲ. ಇಬ್ಬರು ಮಕ್ಕಳು, ಒಂದೇ ರಕ್ತ, ಒಂದೇ ಲಕ್ಷಣ. ನಾನು ಆ ಕುರ್ಚಿಯಲ್ಲಿದ್ದರೂ ಹಾಗೇ ಹೇಳುತ್ತಿದ್ದೆನೋ ಏನೋ. ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು, ಏಳೋಣ ಎಂಬಂತೆ.

ಆಗ ಅಡುಗೆಮನೆಯ ಬಾಗಿಲಿಗೆ ಗಿರಿಜ ಬಂದು ನಿಂತಳು. ಕೈಯಲ್ಲಿ ಅಕ್ಕಿಯ ಮೊರ. ಅಲ್ಲಿಯವರೆಗೆ ಅವಳ ದನಿಯನ್ನು ನಾನು ಸರಿಯಾಗಿ ಕೇಳಿರಲಿಲ್ಲ.

‘ಅಪ್ಪಾ, ಅವ್ರಿಗೆ ಪಿಟ್ಸ್ ಇದ್ರೆ ಮಾತ್ರೆ ನುಂಗ್ತಾರೆ, ನಾನು ಜ್ಞಾಪಿಸ್ತೀನಿ. ಇಲ್ದಿದ್ರೆ ಮಾತ್ರೆನೂ ಬ್ಯಾಡ. ಅದಕ್ಯಾಕೆ ಇಷ್ಟು ಮಾತು?’

ಚಿಕ್ಕಣ್ಣನವರು ಸುಮ್ಮನಿರು ಎಂದು ಗದರಿದರು. ಅವಳು ಮೊರ ಇಳಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

‘ಮದ್ವೆ ಆದ್ಮೇಲೆ ಹಿಂಗಾಗಿದ್ರೆ ನನ್ನ ವಾಪಸ್ ಕರ್ಕೊಂಡ್ ಬತ್ತಿದ್ರಾ?’

ಚಿಕ್ಕಣ್ಣನವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಎದ್ದುಹೋದರು. ನಾನು ಚಾಪೆಯ ಮೇಲೆ ಕೂತೇ ಇದ್ದೆ. ಅಷ್ಟು ಹೊತ್ತೂ ನಾನು ಅಣ್ಣ ಕಳ್ಳನಲ್ಲ ಎಂದು ಸಾಧಿಸುವವಳಂತೆ, ಅವನು ರೋಗಿಯಲ್ಲ ಎಂದು ಸಾಧಿಸುತ್ತಿದ್ದೆ. ರೋಗಿಯಾಗಿದ್ದರೇನು ಎಂಬ ಪ್ರಶ್ನೆ ನಾನು ಎತ್ತಿದ ಯಾವ ಚೀಟಿಯಲ್ಲೂ ಇರಲಿಲ್ಲ. ಪರ, ವಿರೋಧ ಎರಡನ್ನೂ ಬಲ್ಲೆ ಎಂದುಕೊಂಡಿದ್ದವಳಿಗೆ ಮೂರನೆಯದೊಂದು ಇದೆ ಎಂಬುದನ್ನು ಅಕ್ಕಿ ಆರಿಸುತ್ತಿದ್ದವಳು ಬಂದು ಹೇಳಿದ್ದಳು.

ಚಿಕ್ಕಣ್ಣನವರು ಒಪ್ಪಿಗೆ ಹೇಳಿಕಳಿಸುವಷ್ಟರಲ್ಲಿ ಮಳೆಗಾಲ ಕಳೆಯಿತು; ಮದುವೆ ಶ್ರಾವಣಕ್ಕೆ ಆಗಲಿಲ್ಲ, ಕಾರ್ತಿಕಕ್ಕೆ ಆಯಿತು. ಬಾಷಾ ಭಾಯ್ ಕೆಂಪು ಜನರೇಟರನ್ನು ವಾಪಸು ಪಡೆದು ಸೀಮೆಎಣ್ಣೆಯದನ್ನು ಕೊಟ್ಟರು. ಅಣ್ಣ ಅದನ್ನು ವ್ಯಾನಿನ ಹತ್ತಿರಕ್ಕೂ ಸೇರಿಸದೆ, ಗಾಳಿ ಆಚೆಗೆ ಬೀಸುವ ಕಡೆ ಇಟ್ಟು ಉದ್ದನೆಯ ವೈರು ಎಳೆದು ಓಡಿಸುತ್ತಾನೆ. ಕಾರಿನ ಮೇಲೆ ಮಸಿ ಬಿದ್ದರೆ ಇನ್ನೊಂದು ಸಲ ಒರೆಸುತ್ತಾನೆ. ನನ್ನನ್ನು ನೋಡಲು ಬರುವವರು ಇಂದಿಗೂ ಉಪ್ಪಿಟ್ಟು ತಿನ್ನುವ ಮೊದಲು ಅಮ್ಮನನ್ನು ಪಕ್ಕಕ್ಕೆ ಕರೆದು ಏನು ಕೇಳುತ್ತಾರೆಂದು ನನಗೆ ಗೊತ್ತು.

ಅಂದು ಬೂದಿಗೆರೆಯಿಂದ ಹಿಂದಿರುಗುವಾಗ ಗಿರಿಜ ಹೇಳಿದ್ದನ್ನು ಅಕ್ಷರ ಬಿಡದೆ ಅಣ್ಣನಿಗೆ ಒಪ್ಪಿಸಿದೆ. ಅವನು ವ್ಯಾನು ಓಡಿಸುತ್ತಿದ್ದ. ದೇವನಹಳ್ಳಿಯ ಕೋಟೆ ದಾಟಿದ ಮೇಲೆ ಕೇಳಿದ.

‘ಹಂಗಾದ್ರೆ ಅವ್ಳು ನಂಗೆ ಪಿಟ್ಸ್ ಐತೆ ಅಂತ ನಂಬಿದಾಳಾ, ಇಲ್ಲ ಅಂತ ನಂಬಿದಾಳಾ?’

ಗೊತ್ತಿಲ್ಲ ಎಂದೆ. ಕೇಳ್ಬೇಕಿತ್ತು ಎಂದ. ಹೌದು, ಕೇಳಬೇಕಿತ್ತು; ಎದುರಿನವರ ಬಾಯಿಂದ ಒಂದು ಉತ್ತರ ಹೊರಡಿಸದೆ ನಾನು ಎಂದೂ ಎದ್ದು ಬಂದವಳಲ್ಲ. ಗಿರಿಜ ಈಗ ಅತ್ತಿಗೆಯಾಗಿ ದಿನವೂ ನನ್ನ ಎದುರಿಗೇ ಇರುತ್ತಾಳೆ. ಒಂದೇ ತಟ್ಟೆಯಲ್ಲಿ ಕಡಲೆಪುರಿ ತಿನ್ನುತ್ತ ಹರಟುತ್ತೇವೆ. ಎಷ್ಟೋ ಸಲ ಪ್ರಶ್ನೆ ನಾಲಿಗೆಯ ತುದಿಯವರೆಗೂ ಬಂದಿದೆ. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾಳೆಂದು ಗೊತ್ತಿದೆ. ಅಣ್ಣನೂ ಕೇಳಿಲ್ಲವಂತೆ. ನಾನೂ ಕೇಳಿಲ್ಲ.